ಬರೆಯಲು ಕಲಿತ ದೊಡ್ಡವರಿಗೆ ಬ್ಲಾಗ್: ಯಾರಾದರೂ ಮಾಡಿ ನೋಡಿದ್ದೀರಾ?

ಪ್ರೇರಕಿ, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬಿಡುವು ಮಾಡಿಕೊಂಡು ಓದಿ, ಗೊತ್ತಿದ್ದವರು ಉತ್ತರ ಕೊಡಿ.

ದೊಡ್ಡವರಿಗೆ ಓದು ಬರಹ ಕಲಿಸುವ ಸರ್ಕಾರದ ಸಾಕ್ಷರ ಭಾರತ ಕಾರ್ಯಕ್ರಮ ಇದ್ದಾಗ ನಾನು ನಮ್ಮ ಪಂಚಾಯಿತಿಯಲ್ಲಿ ಪ್ರೇರಕಿ, ಅಂದರೆ ಕಲಿಕಾ ಕೇಂದ್ರ ನೋಡಿಕೊಳ್ಳುವವಳು, ಆಗಿದ್ದೆ. 2009ರಲ್ಲಿ ಶುರುವಾದ ಆ ಕಾರ್ಯಕ್ರಮ 2018ರ ಮಾರ್ಚ್‌ಗೆ ಮುಗಿಯಿತು. ಈಗ ಅದೇ ಥರದ ಉಲ್ಲಾಸ್ ಕಾರ್ಯಕ್ರಮ ಬಂದಿದೆ, ಅದರಲ್ಲಿ ಸ್ವಯಂಸೇವಕಿ ಆಗಿ ಸಂಜೆ ಹೊತ್ತು ಕಲಿಸುತ್ತೇನೆ. ಬ್ಯಾಡಗಿ ಸೀಮೆಯ ಹಳ್ಳಿ ನಮ್ಮದು. ಕಲಿಯಲು ಬರುವವರು ಹೆಚ್ಚಾಗಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರು. ದಿನವಿಡೀ ದುಡಿದು, ಮನೆಗೆ ಬಂದು ರೊಟ್ಟಿ ಬಡಿದು, ಎಲ್ಲರಿಗೂ ಬಡಿಸಿ ಆಮೇಲೆ ಕ್ಲಾಸಿಗೆ ಬರುತ್ತಾರೆ. ಬೆರಳು ಉರಿಯುತ್ತಿರುತ್ತದೆ, ಅದೇ ಕೈಯಲ್ಲಿ ಪೆನ್ಸಿಲ್ ಹಿಡಿಯುತ್ತಾರೆ.

ಪರೀಕ್ಷೆ ಅವರಿಗೆ ಕಷ್ಟ ಅಲ್ಲ. ಓದು, ಬರಹ, ಲೆಕ್ಕ ಅಂತ ತಲಾ 50, ಒಟ್ಟು 150 ಅಂಕ. ಪಾಸಾಗುತ್ತಾರೆ. ಸರ್ಟಿಫಿಕೇಟನ್ನು ದೇವರ ಫೋಟೋ ಪಕ್ಕ ಇಡುತ್ತಾರೆ. ತೊಂದರೆ ಶುರುವಾಗುವುದೇ ಅದಾದ ಮೇಲೆ. ಬರೆಯಲಿಕ್ಕೆ ಅವರಿಗೆ ಕಾರಣವೇ ಇರುವುದಿಲ್ಲ. ಯಾರಿಗೆ ಬರೆಯಬೇಕು? ಪತ್ರ ಬರೆಯುವ ಕಾಲ ಹೋಯಿತು, ಮಗಳಿಗೆ ಏನಾದರೂ ಹೇಳಬೇಕಾದರೆ ಫೋನ್ ಮಾಡುತ್ತಾರೆ. ಒಂದು ಸುಗ್ಗಿ ಕಳೆಯುವುದರೊಳಗೆ ಒತ್ತಕ್ಷರ ಮರೆಯುತ್ತದೆ, ಆಮೇಲೆ ಕಾಗುಣಿತ, ಕೊನೆಗೆ ಉಳಿಯುವುದು ಸಹಿ ಒಂದೇ. ಸಾಕ್ಷರ ಭಾರತ ಕಾಲದಲ್ಲಿ ಚೆನ್ನಾಗಿ ಓದುತ್ತಿದ್ದವರು ಈಗ ಮತ್ತೆ ಅ ಆ ಇ ಈಯಿಂದ ಕಲಿಯಲು ಬಂದು ಕೂತಿದ್ದಾರೆ. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಉಲ್ಲಾಸ್‌ನಲ್ಲಿ ಐದು ಭಾಗ ಇವೆ, ಕೊನೆಯದು ನಿರಂತರ ಶಿಕ್ಷಣ. ಅದನ್ನು ಹಳ್ಳಿಯಲ್ಲಿ ಹೇಗೆ ಮಾಡುವುದು ಅಂತ ಯೋಚನೆ ಮಾಡುತ್ತಾ ಇದ್ದಾಗ ನನಗೆ ಹೊಳೆದದ್ದು ಬ್ಲಾಗ್. ಕ್ಲಾಸಿಗೆಲ್ಲ ಸೇರಿ ಒಂದು ಬ್ಲಾಗ್. ವಾರಕ್ಕೊಮ್ಮೆ ಯಾರಾದರೂ ನಾಲ್ಕು ಸಾಲು ಬರೆಯಬೇಕು, ಅವರ ಕೆಲಸದ ಬಗ್ಗೆ, ಊರಿನ ಬಗ್ಗೆ, ಅಡುಗೆ ಬಗ್ಗೆ, ಏನಾದರೂ ಸರಿ. ಊರಲ್ಲಿ ಹೇಳಿದರೆ "ಅಕ್ಷರ ನೆಟ್ಟಗೆ ಬಾರದವರಿಗೆ ಬ್ಲಾಗ್ ಯಾಕೆ ಬೇಕು" ಅಂತಾರೆ. ಟೈಪ್ ಮಾಡುವುದು ಹೇಗೆ, ತಪ್ಪು ತಿದ್ದಬೇಕಾ ಬೇಡವಾ, ಹೆಸರು ಹಾಕಬೇಕಾ, ಫೋನ್ ಯಾರದ್ದು, ಹೀಗೆ ನೂರು ಪ್ರಶ್ನೆ ನನಗೂ ಇವೆ. ಅನುಭವ ಇದ್ದವರು ಬರೆಯಿರಿ.

ಗೋಕುಲ ರೋಡ್, ಹುಬ್ಬಳ್ಳಿ

ಅಕ್ಕಾ, ನಿಮ್ಮ ಕಾಳಜಿ ಒಳ್ಳೆಯದು, ಆದರೆ ಬ್ಲಾಗ್ ಯಾಕೆ ಅಂತ ನನಗೂ ಅನಿಸಿತು. ಈಗ ಬ್ಲಾಗ್ ಓದುವವರು ಎಷ್ಟು ಜನ ಇದ್ದಾರೆ ಹೇಳಿ? ಎಲ್ಲರ ಕೈಯಲ್ಲೂ ವಾಟ್ಸಾಪ್ ಇದೆ. ಒಂದು ಗ್ರೂಪ್ ಮಾಡಿ, ಅಲ್ಲೇ ಬರೆಯಲಿ. ಹೊಸದಾಗಿ ಕಲಿಯುವಂಥದ್ದು ಏನೂ ಇಲ್ಲ, ಖರ್ಚೂ ಇಲ್ಲ. ಕಲಿತದ್ದನ್ನು ಬಳಸಬೇಕು ಅನ್ನುವುದೇ ಗುರಿ ಆದರೆ ಅಷ್ಟು ಸಾಕಲ್ವಾ?

ಬೆಟಗೇರಿ ಮಗ್ಗದ ಓಣಿ

ಅಣ್ಣಾ, ವಾಟ್ಸಾಪ್ ಸಾಕಾಗುವುದಿಲ್ಲ. ನಾವು ಅಲ್ಲಿಂದಲೇ ಶುರು ಮಾಡಿದವರು, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮ ಓಣಿಯಲ್ಲಿ ರಾತ್ರಿ ಕ್ಲಾಸ್ ನಡೆಯುತ್ತದೆ. ನೇಕಾರರ ಮನೆಯ ಹೆಂಗಸರು, ಕೆಲವು ಗಂಡಸರು. 2011ರ ಜನಗಣತಿ ತೆಗೆದು ನೋಡಿ, ಗದಗ ಜಿಲ್ಲೆಯ ಒಟ್ಟು ಸಾಕ್ಷರತೆ ಶೇಕಡಾ 75ರ ಆಸುಪಾಸು, ಹೆಂಗಸರದ್ದು ಶೇಕಡಾ 65ರ ಆಸುಪಾಸು. ಆ ಉಳಿದವರಲ್ಲಿ ಹಲವರು ನಮ್ಮ ಓಣಿಯಲ್ಲೇ ಇದ್ದಾರೆ, ನನ್ನ ಚಿಕ್ಕಮ್ಮನೂ ಒಬ್ಬರು.

ಮೊದಲು ಗ್ರೂಪ್ ಮಾಡಿದೆವು. ಏನಾಯಿತು ಅಂದರೆ, ಒಬ್ಬರು ಕಷ್ಟಪಟ್ಟು ಎರಡು ಸಾಲು ಬರೆದು ಹಾಕುತ್ತಾರೆ, ಅಷ್ಟರಲ್ಲಿ ಶುಭೋದಯದ ಹೂವಿನ ಚಿತ್ರ, ಯಾರದ್ದೋ ವಿಡಿಯೋ, ದೇವರ ಹಾಡು ಬಂದು ಆ ಎರಡು ಸಾಲು ಮೇಲೆ ಹೋಗಿಬಿಡುತ್ತದೆ. ಮರುದಿನ ಹುಡುಕಿದರೆ ಸಿಗಲ್ಲ. ಇನ್ನು ಧ್ವನಿ ಸಂದೇಶ. ಅದು ಇದ್ದ ಮೇಲೆ ಯಾರು ಬರೆಯುತ್ತಾರೆ? ಒತ್ತಿ ಹಿಡಿದು ಮಾತಾಡಿದರೆ ಮುಗಿಯಿತು. ನಾವು ಬರೆಯಲಿ ಅಂತ ಮಾಡಿದ ಗ್ರೂಪಿನಲ್ಲಿ ಬರೆಯುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ನಡೆಯಿತು.

ಬ್ಲಾಗಿನಲ್ಲಿ ಬರೆದದ್ದು ನಿಲ್ಲುತ್ತದೆ. ತಲೆಬರಹ ಇರುತ್ತದೆ, ತಾರೀಖು ಇರುತ್ತದೆ. ಹೋದ ತಿಂಗಳು ನಾನು ಬರೆದದ್ದು ಇಲ್ಲಿದೆ ಅಂತ ಬೆರಳಿಟ್ಟು ತೋರಿಸಬಹುದು. ಆಗ ಹೇಗೆ ಬರೆಯುತ್ತಿದ್ದೆ, ಈಗ ಹೇಗೆ ಬರೆಯುತ್ತೇನೆ ಅಂತ ಅವರಿಗೇ ಕಾಣುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಒಬ್ಬ ಅಕ್ಕ ಮೊದಲ ಸಲ ಬರೆದದ್ದು ಇಷ್ಟೇ: "ಕಂಡಿಕಿ ಸುತತಿನಿ. ದಿನಾ ಸುತತಿನಿ." ಕಂಡಿಕೆ ಅಂದರೆ ನೇಯಲು ನೂಲು ಸುತ್ತುವ ಸಣ್ಣ ಕೊಳವೆ. ಒತ್ತಕ್ಷರ ಇಲ್ಲ, ದೀರ್ಘ ಇಲ್ಲ. ನಾವು ಏನೂ ಮುಟ್ಟದೆ ಹಾಗೇ ಹಾಕಿದೆವು. ಗುಳೇದಗುಡ್ಡದಲ್ಲಿ ಇರುವ ಅವರ ಸಂಬಂಧಿಕರ ಹುಡುಗಿ ಓದಿ ಕೆಳಗೆ ಕೇಳಿದಳು: "ಅತ್ತೀ, ನೀವು ಒಂದು ದಿನಕ್ಕೆ ಎಷ್ಟು ಕಂಡಿಕೆ ಸುತ್ತುತ್ತೀರಿ? ಒಂದು ಸೀರೆಗೆ ಎಷ್ಟು ಬೇಕು?" ಈ ಅಕ್ಕ ಆ ಪ್ರಶ್ನೆಯನ್ನು ಓದಿ, ಮತ್ತೊಮ್ಮೆ ಓದಿ, "ಸುತ್ತು" ಅನ್ನುವುದಕ್ಕೆ ಕೆಳಗೆ ಒಂದು ತ ಬರುತ್ತದೆ ಅಲ್ವಾ ಅಂತ ನನ್ನನ್ನು ಕೇಳಿದರು. ಹೌದು ಅಂದೆ. ತಾವೇ ಹಿಂದಿನದನ್ನು ತೆಗೆಸಿ ತಿದ್ದಿದರು. ಆಮೇಲೆ ಉತ್ತರ ಬರೆಯಲು ಕೂತವರು ಒಂದು ಪುಟ ಬರೆದರು. ದಡಿಯ ನೂಲು ಬೇರೆ, ಒಡಲಿನ ನೂಲು ಬೇರೆ, ಮಳೆಗಾಲದಲ್ಲಿ ನೂಲು ಹೇಗೆ ಹಸಿಯಾಗಿ ತೊಡಕಾಗುತ್ತದೆ, ಎಲ್ಲ. ನಾವು ಕ್ಲಾಸಿನಲ್ಲಿ "ನಿಮ್ಮ ಕೆಲಸದ ಬಗ್ಗೆ ಐದು ವಾಕ್ಯ ಬರೆಯಿರಿ" ಅಂದಾಗ ಎರಡು ವಾಕ್ಯದ ಮೇಲೆ ಹೋಗದವರು ಅವರು.

ನಮಗೆ ಅವರ ಕೆಲಸ ಗೊತ್ತಿದೆ ಅಂತ ಅವರಿಗೂ ಗೊತ್ತು. ಗೊತ್ತಿದ್ದವರಿಗೆ ಯಾರು ವಿವರಿಸಿ ಬರೆಯುತ್ತಾರೆ? ಗೊತ್ತಿಲ್ಲದವರು ಕೇಳಿದಾಗ ಬರೆಯುತ್ತಾರೆ. ಬ್ಲಾಗ್ ಬೇಕಾಗುವುದು ಇಲ್ಲಿ.

ಧಾರವಾಡ, ನಿವೃತ್ತ ಮಾಸ್ತರ

ಬೆಟಗೇರಿಯವರು ಹೇಳಿದ್ದು ನೂರಕ್ಕೆ ನೂರು ಸರಿ. ಇದಕ್ಕೆ ಹಳೆಯ ಬೇರು ಇದೆ, ಸ್ವಲ್ಪ ಹೇಳುತ್ತೇನೆ.

1920ರ ದಶಕದಲ್ಲಿ ದಕ್ಷಿಣ ಫ್ರಾನ್ಸಿನ ಒಂದು ಹಳ್ಳಿಶಾಲೆಯಲ್ಲಿ ಸೆಲೆಸ್ಟಿನ್ ಫ್ರೆನೆ ಅಂತ ಒಬ್ಬ ಮಾಸ್ತರ ಇದ್ದರು. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯ ಆಗಿತ್ತು, ಬಹಳ ಹೊತ್ತು ಮಾತಾಡಿ ಪಾಠ ಮಾಡಲು ಆಗುತ್ತಿರಲಿಲ್ಲ. ಅವರು ಶಾಲೆಗೆ ಒಂದು ಸಣ್ಣ ಮುದ್ರಣ ಯಂತ್ರ ತಂದರು. ಮಕ್ಕಳು ತಾವು ಕಂಡದ್ದನ್ನು ಬರೆಯಬೇಕು, ತಾವೇ ಅಚ್ಚು ಮೊಳೆ ಜೋಡಿಸಿ ಮುದ್ರಿಸಬೇಕು. ಇಷ್ಟಕ್ಕೆ ನಿಲ್ಲಿಸಲಿಲ್ಲ. ದೇಶದ ಇನ್ನೊಂದು ಮೂಲೆಯ ಬ್ರಿಟನಿಯ ಒಂದು ಶಾಲೆಗೆ ಅದನ್ನು ಕಳಿಸಿದರು, ಅಲ್ಲಿನ ಮಕ್ಕಳು ಬರೆದದ್ದು ಇಲ್ಲಿಗೆ ಬಂತು. ಸಮುದ್ರ ತೀರದ ಮಕ್ಕಳು ತಮ್ಮ ಬದುಕನ್ನು ಬರೆದರು, ಬೆಟ್ಟದ ಮಕ್ಕಳು ತಮ್ಮದನ್ನು ಬರೆದರು. ಇಬ್ಬರಿಗೂ ಓದುವ ಆಸೆ, ಇಬ್ಬರಿಗೂ ಬರೆಯುವ ಕಾರಣ. ನೂರು ವರ್ಷದ ಹಿಂದೆ ಅವರು ಯಂತ್ರ ಇಟ್ಟುಕೊಂಡು ಮಾಡಿದ್ದನ್ನು ಈಗ ಕೈಯಲ್ಲಿರುವ ಫೋನಿನಲ್ಲಿ ಮಾಡಬಹುದು.

ದೊಡ್ಡವರ ಕಲಿಕೆ ಅಂದಾಗ ಪಾವ್ಲೊ ಫ್ರೇರೆ ಹೆಸರು ಬಂದೇ ಬರುತ್ತದೆ. 1963ರಲ್ಲಿ ಬ್ರೆಜಿಲ್‌ನ ಆಂಜಿಕೋಸ್ ಅನ್ನುವ ಊರಿನಲ್ಲಿ ಸುಮಾರು 300 ಜನ ದುಡಿಯುವವರಿಗೆ 40 ತಾಸಿನಲ್ಲಿ ಓದು ಬರಹ ಕಲಿಸುವ ಪ್ರಯೋಗ ಮಾಡಿದರು. ಅವರು ಹೊರಗಿನಿಂದ ಪಠ್ಯ ತರಲಿಲ್ಲ, ಆ ಜನ ದಿನವೂ ಆಡುವ ಮಾತುಗಳನ್ನೇ ಆರಿಸಿ, ಅದರ ಸುತ್ತ ಚರ್ಚೆ ಮಾಡಿ, ಅದರಿಂದಲೇ ಅಕ್ಷರ ಕಲಿಸಿದರು. ಮುಂದಿನ ವರ್ಷ ಅಲ್ಲಿ ಸೈನ್ಯ ಅಧಿಕಾರ ಹಿಡಿಯಿತು, ಫ್ರೇರೆಯನ್ನು ಜೈಲಿಗೆ ಹಾಕಿದರು, ದೇಶ ಬಿಡಬೇಕಾಯಿತು. ಬಡವರು ತಮ್ಮ ಬದುಕಿನ ಬಗ್ಗೆ ಓದಿ ಬರೆಯತೊಡಗಿದರೆ ಯಾರಿಗೋ ತೊಂದರೆ ಆಗುತ್ತದೆ ಅನ್ನುವುದೂ ಇದರಲ್ಲಿದೆ, ಅದನ್ನು ನಾವು ಮರೆಯಬಾರದು.

ನಮ್ಮ ಕಡೆಯೂ ಶಾಲೆಗಳಲ್ಲಿ ಕೈಬರಹದ ಪತ್ರಿಕೆ, ಭಿತ್ತಿಪತ್ರಿಕೆ ಇದ್ದವು. ಗೋಡೆಗೆ ಅಂಟಿಸಿದ ತಕ್ಷಣ ಹುಡುಗರು ತಮ್ಮ ಬರಹದ ಮುಂದೆಯೇ ನಿಂತಿರುತ್ತಿದ್ದರು, ಯಾರು ಓದುತ್ತಾರೆ ಅಂತ ನೋಡಲು. ದೊಡ್ಡವರಿಗೂ ಆ ಆಸೆ ಇರುತ್ತದೆ, ಹೇಳಿಕೊಳ್ಳುವುದಿಲ್ಲ ಅಷ್ಟೇ.

ಕನ್ನಡ ಟೀಚರ್, ರಾಣೆಬೆನ್ನೂರು

ನಾನು ಸ್ವಲ್ಪ ಬೇರೆ ಮಾತು ಹೇಳಬೇಕು, ಯಾರೂ ತಪ್ಪು ತಿಳಿಯಬೇಡಿ.

"ಸುತತಿನಿ" ಅಂತ ಬರೆದದ್ದನ್ನು ಹಾಗೇ ಜಗತ್ತಿಗೆ ತೋರಿಸಿದ್ದು ನನಗೆ ಸರಿ ಕಾಣಲಿಲ್ಲ. ಆ ಅಕ್ಕನಿಗೆ ಒಳ್ಳೆಯ ಓದುಗರು ಸಿಕ್ಕರು, ಸಂತೋಷ. ಎಲ್ಲರೂ ಹಾಗೆ ಇರುತ್ತಾರಾ? ನಗುವವರು ಬರುತ್ತಾರೆ. ಸ್ಕ್ರೀನ್‌ಶಾಟ್ ತೆಗೆದು ಬೇರೆ ಕಡೆ ಹಾಕುತ್ತಾರೆ. ನಲವತ್ತು ವರ್ಷ ಅಕ್ಷರ ಬರಲ್ಲ ಅಂತ ಮುಖ ತಗ್ಗಿಸಿ ಬದುಕಿದ ಹೆಂಗಸಿಗೆ ಒಂದು ಸಲ ಹಾಗೆ ಆದರೆ ಮತ್ತೆ ಪೆನ್ಸಿಲ್ ಮುಟ್ಟುವುದಿಲ್ಲ. ಜನ ನೋಡುವ ಜಾಗದಲ್ಲಿ ಹಾಕುವಾಗ ಶುದ್ಧವಾಗಿ ಹಾಕುವುದು ಅವರ ಮರ್ಯಾದೆಯ ಪ್ರಶ್ನೆ. ತಿದ್ದುವುದು ಅಂದರೆ ಅವಮಾನ ಅಲ್ಲ, ಅದು ಶಿಕ್ಷಕರ ಕರ್ತವ್ಯ.

ಬೆಟಗೇರಿ ಮಗ್ಗದ ಓಣಿ

ಟೀಚರ್, ನಿಮ್ಮ ಭಯ ನಿಜವಾದದ್ದೇ. ಅದಕ್ಕೇ ನಾವು ಅದನ್ನು ಎಲ್ಲರಿಗೂ ತೆರೆದಿಟ್ಟಿಲ್ಲ. ನಾವು ಕರೆದವರು ಮಾತ್ರ ಓದಬಹುದು. ಆದರೆ ನಾನು ಕೂತು ಎಲ್ಲ ತಿದ್ದಿ ಹಾಕಿದರೆ ಆ ಬರಹ ನನ್ನದಾಗುತ್ತದೆ. ಅವರು ಓದಿ "ಇದು ನಾನು ಬರೆದದ್ದಲ್ಲ" ಅಂತಾರೆ, ಅಂದಿದ್ದಾರೆ ಕೂಡ.

ಪ್ರೇರಕಿ, ಹಾವೇರಿ ಜಿಲ್ಲೆ

ಟೀಚರ್ ಮತ್ತು ಬೆಟಗೇರಿ ಅಣ್ಣ ಇಬ್ಬರೂ ಹೇಳುವುದು ನನಗೆ ಸರಿ ಅನಿಸುತ್ತಿದೆ. ಒಂದು ದಾರಿ ಹೀಗೆ ಇರಬಹುದಾ ನೋಡಿ: ಬರೆದವರು ಹಾಕುವ ಮೊದಲು ಜೊತೆಯವರಿಗೆ ಗಟ್ಟಿಯಾಗಿ ಓದಿ ಹೇಳುವುದು. ತಾವು ಓದುವಾಗಲೇ ಅರ್ಧ ತಪ್ಪು ಕಾಣುತ್ತದೆ, ಅದನ್ನು ನಾನು ಕ್ಲಾಸಿನಲ್ಲಿ ದಿನವೂ ನೋಡುತ್ತೇನೆ. ಕಂಡದ್ದನ್ನು ತಿದ್ದಲಿ. ಕಾಣದ್ದು ಹಾಗೇ ಇರಲಿ, ಮುಂದೆ ಯಾವಾಗಲಾದರೂ ಕಾಣುತ್ತದೆ. ಕೇಳಿದರೆ ಹೇಳಿಕೊಡೋಣ, ಕೇಳದೆ ಕೆಂಪು ಗೆರೆ ಬೇಡ.

ಇನ್ನೊಂದು, ಮಾತು. "ಐತಿ", "ಹೋಗ್ಯಾರ", "ಮಾಡ್ತೀನ್ರಿ" ಅಂತ ಬರೆದರೆ ನಾನಂತೂ ತಿದ್ದುವುದಿಲ್ಲ. ಅದು ತಪ್ಪೇ ಅಲ್ಲ. ಪುಸ್ತಕದ ಮಾತನ್ನು ಓದಲು ಬರಬೇಕು, ಅರ್ಜಿ ತುಂಬಲು ಬರಬೇಕು, ಅದನ್ನು ಬೇರೆ ಹೇಳಿಕೊಡುತ್ತೇನೆ. ತಮ್ಮ ಬದುಕಿನ ಬಗ್ಗೆ ತಮ್ಮ ಮಾತಿನಲ್ಲೇ ಬರೆಯಲಿ.

ಕನ್ನಡ ಟೀಚರ್, ರಾಣೆಬೆನ್ನೂರು

ಗಟ್ಟಿಯಾಗಿ ಓದಿ ಆಮೇಲೆ ಹಾಕುವುದು ಒಳ್ಳೆಯ ಕ್ರಮ, ಅದಕ್ಕೆ ನನ್ನ ಒಪ್ಪಿಗೆ ಇದೆ. ಮಾತಿನ ವಿಷಯದಲ್ಲೂ ಸರಿ. ಆದರೆ ಕಾಗುಣಿತ ಬೇರೆ, ಊರ ಮಾತು ಬೇರೆ, ಅವೆರಡನ್ನೂ ಒಂದೇ ಅಂತ ಬಿಟ್ಟುಬಿಡಬೇಡಿ. "ಐತಿ" ಬರೆಯಲಿ, ಅದನ್ನು ಸರಿಯಾಗಿ ಬರೆಯಲಿ.

ಗೋಕುಲ ರೋಡ್, ಹುಬ್ಬಳ್ಳಿ

ಬೆಟಗೇರಿಯವರ ಮಾತು ಓದಿದ ಮೇಲೆ ವಾಟ್ಸಾಪ್ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿದೆ. ನಾನು ಸಾಫ್ಟ್‌ವೇರ್ ಕೆಲಸದವನು, ತಾಂತ್ರಿಕ ವಿಷಯ ಸ್ವಲ್ಪ ಹೇಳುತ್ತೇನೆ, ಉಪಯೋಗ ಆಗಬಹುದು.

ದುಡ್ಡು ಹಾಕಬೇಡಿ. ಬ್ಲಾಗರ್ ಸಾಕು. 1999ರಿಂದ ಇರುವ ಸೇವೆ, 2003ರಲ್ಲಿ ಗೂಗಲ್ ಅದನ್ನು ತೆಗೆದುಕೊಂಡಿತು, ಇವತ್ತಿಗೂ ಉಚಿತ. ಒಂದು ಜಿಮೇಲ್ ಖಾತೆ ಇದ್ದರೆ ಆಯಿತು. ಸೆಟ್ಟಿಂಗ್‌ನಲ್ಲಿ ಮೂರು ಕೆಲಸ ಮೊದಲೇ ಮಾಡಿ. ಒಂದು, ಓದುವವರನ್ನು ಖಾಸಗಿ ಅಂತ ಇಡಿ, ಆಗ ನೀವು ಇಮೇಲ್ ಸೇರಿಸಿದವರಿಗೆ ಮಾತ್ರ ಕಾಣುತ್ತದೆ. ಆಮೇಲೆ ಕಾಮೆಂಟ್ ಬಂದರೆ ನೀವು ಒಪ್ಪಿದ ಮೇಲೆ ಕಾಣುವ ಹಾಗೆ ಮಾಡಿ, ಟೀಚರ್ ಹೇಳಿದ ನಗುವವರ ಕಾಟ ಅಲ್ಲೇ ನಿಲ್ಲುತ್ತದೆ. ಇನ್ನೊಂದು, ಮುಂದೆ ಯಾವಾಗಲಾದರೂ ಎಲ್ಲರಿಗೂ ತೆರೆದರೆ ಗೂಗಲ್ ಹುಡುಕಾಟದಲ್ಲಿ ಬರಬೇಕಾ ಬೇಡವಾ ಅನ್ನುವುದಕ್ಕೂ ಬೇರೆ ಸ್ವಿಚ್ ಇದೆ, ಅದನ್ನು ಆಫ್ ಮಾಡಿಡಿ. ಬ್ಲಾಗಿನ ಪೂರ್ತಿ ಪ್ರತಿಯನ್ನು ಇಳಿಸಿಕೊಳ್ಳುವ ಸೌಲಭ್ಯವೂ ಇದೆ, ಆಗಾಗ ಇಳಿಸಿ ಇಟ್ಟುಕೊಳ್ಳಿ. ಪಾಸ್‌ವರ್ಡ್ ಒಬ್ಬರ ತಲೆಯಲ್ಲಿ ಮಾತ್ರ ಇದ್ದರೆ ಅವರು ಊರು ಬಿಟ್ಟ ದಿನ ಎಲ್ಲರ ಬರಹವೂ ಹೋದ ಹಾಗೆ.

ಟೈಪಿಂಗ್ ಬಗ್ಗೆ. ಕೀಬೋರ್ಡ್ ಕಲಿಸಲು ಹೋಗಬೇಡಿ, ಕನಿಷ್ಠ ಮೊದಲು ಬೇಡ. ಜಿಬೋರ್ಡ್ ಅಂತ ಗೂಗಲ್‌ನ ಕೀಬೋರ್ಡ್ ಆ್ಯಪ್ ಇದೆ, ಅದರಲ್ಲಿ ಕನ್ನಡ ಸೇರಿಸುವಾಗ ಕೈಬರಹ ಅಂತ ಒಂದು ಆಯ್ಕೆ ಇದೆ. ಪರದೆಯ ಮೇಲೆ ಬೆರಳಿನಿಂದ ಅಕ್ಷರ ಬರೆದರೆ ಅದು ಅಚ್ಚಿನ ಅಕ್ಷರ ಆಗುತ್ತದೆ. ಸ್ಲೇಟಿನಲ್ಲಿ ಬರೆದು ಕಲಿತವರಿಗೆ ಇದು ಬಹಳ ಸುಲಭ, ಮತ್ತೆ ಅಕ್ಷರ ದುಂಡಗೆ ಬರೆಯುವ ಅಭ್ಯಾಸವೂ ಬಿಡುವುದಿಲ್ಲ.

ಕೀಬೋರ್ಡಿನಲ್ಲಿ ದೊಡ್ಡವರು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ ಅಂದರೆ ಅರ್ಕಾವೊತ್ತಿನಲ್ಲಿ. "ಊರ್ಮಿಳಾ", "ಮಾರ್ಕೆಟ್" ಇಂಥದ್ದು. ಕೈಯಲ್ಲಿ ಬರೆಯುವಾಗ ಮೊದಲು ಕ ಬರೆದು ಅದರ ಬಲಕ್ಕೆ ಅರ್ಕಾವೊತ್ತು ಹಾಕುತ್ತೇವೆ. ಕೀಬೋರ್ಡಿನಲ್ಲಿ ಮೊದಲು ರ, ಆಮೇಲೆ ಅರ್ಧಾಕ್ಷರದ ಗುರುತು, ಆಮೇಲೆ ಕ. ಕ್ರಮವೇ ತಿರುಗುಮುರುಗು. ಕಲಿಸುವವರು ಇದನ್ನು ಬಿಡಿಸಿ ಹೇಳದಿದ್ದರೆ ಪಾಪ, ತಮಗೇ ಬರಲ್ಲ ಅಂದುಕೊಂಡು ಫೋನ್ ಕೆಳಗಿಡುತ್ತಾರೆ.

ಮಾತಾಡಿ ಟೈಪ್ ಮಾಡುವುದೂ ಕನ್ನಡದಲ್ಲಿ ಬರುತ್ತದೆ. ಅದನ್ನು ಬಳಸಬೇಕಾ ಬೇಡವಾ ನೀವು ಹೇಳಿ.

ಧಾರವಾಡ, ನಿವೃತ್ತ ಮಾಸ್ತರ

ಬಳಸಿ, ಆದರೆ ಓದಲು ಬಳಸಿ. ಬಾಯಿಂದ ಹೇಳಿದ್ದು ಪರದೆಯ ಮೇಲೆ ಅಕ್ಷರವಾಗಿ ಬಂದಾಗ ಅದನ್ನು ಓದುವುದು ಸುಲಭ, ಏಕೆಂದರೆ ಏನು ಹೇಳಿದ್ದೆ ಅಂತ ಅವರಿಗೆ ಗೊತ್ತಿರುತ್ತದೆ. ಇದು ಹಳೆಯ ವಿಧಾನ. ಕಲಿಯುವವರು ಹೇಳುವುದು, ಮಾಸ್ತರು ಬೋರ್ಡಿನ ಮೇಲೆ ಹಾಗೇ ಬರೆಯುವುದು, ಅವರು ತಮ್ಮ ಮಾತನ್ನೇ ಓದಿ ಅಕ್ಷರ ಗುರುತಿಸುವುದು. ಇನ್ನು ನಮ್ಮ ಭಾಗದ ಮಾತು ಅದಕ್ಕೆ ಪೂರ್ತಿ ತಿಳಿಯುವುದಿಲ್ಲ, ನೀವು ಹೇಳಿದ್ದೊಂದು ಅದು ಬರೆದದ್ದೊಂದು ಆಗುತ್ತದೆ. ಅದೂ ಒಳ್ಳೆಯದೇ. ಫೋನು ತಪ್ಪು ಬರೆದಿದೆ, ಎಲ್ಲಿ ಅಂತ ಹುಡುಕಿ ಅಂತ ಕ್ಲಾಸಿಗೆ ಹೇಳಿ. ತಪ್ಪು ಮಾಡಿದವರು ತಾವಲ್ಲ ಅಂದಾಗ ಧೈರ್ಯವಾಗಿ ಹುಡುಕುತ್ತಾರೆ.

ಆದರೆ ಬ್ಲಾಗಿಗೆ ಹಾಕುವುದನ್ನು ಕೈಯಿಂದಲೇ ಬರೆಯಲಿ. ಕಾಗದದ ಮೇಲಾದರೂ ಸರಿ, ಪರದೆಯ ಮೇಲಾದರೂ ಸರಿ.

ಗ್ರಾಮ ಪಂಚಾಯಿತಿ ಗ್ರಂಥಾಲಯ, ಗದಗ ಜಿಲ್ಲೆ

ನಾನು ಒಂದು ಪಂಚಾಯಿತಿಯ ಅರಿವು ಕೇಂದ್ರ ನೋಡಿಕೊಳ್ಳುತ್ತೇನೆ. 2019ರಲ್ಲಿ ಈ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದ ಮೇಲೆ ಎಷ್ಟೋ ಕಡೆ ಕಂಪ್ಯೂಟರ್, ಇಂಟರ್ನೆಟ್ ಬಂದಿವೆ. ಹುಡುಗರು ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬರುತ್ತಾರೆ. ದೊಡ್ಡವರು, ಅದರಲ್ಲೂ ಹೆಂಗಸರು, ಬಾಗಿಲ ತನಕ ಬಂದು ಹೋಗುತ್ತಾರೆ. ನಿಮ್ಮ ಊರಿನ ಗ್ರಂಥಾಲಯದಲ್ಲಿ ಹೀಗೆ ಸೌಲಭ್ಯ ಇದ್ದರೆ ಕೇಳಿ, ಮಗನ ಫೋನಿಗೆ ಕಾಯುವ ಕೆಲಸ ತಪ್ಪುತ್ತದೆ.

ನನಗೆ ಇದರಲ್ಲಿ ಬಹಳ ಮುಖ್ಯ ಅನಿಸುವುದು ಬೇರೆ. ಹೊಸದಾಗಿ ಓದಲು ಕಲಿತವರಿಗೆ ಕೊಡಲು ನನ್ನ ಹತ್ತಿರ ಪುಸ್ತಕ ಕಡಿಮೆ. ಮಕ್ಕಳ ಪುಸ್ತಕ ಕೊಟ್ಟರೆ ಅಕ್ಷರ ದೊಡ್ಡದಿರುತ್ತದೆ, ವಾಕ್ಯ ಸಣ್ಣದಿರುತ್ತದೆ, ಆದರೆ ಐವತ್ತು ದಾಟಿದವರು ಇಲಿ ಬೆಕ್ಕಿನ ಕತೆ ಎಷ್ಟು ದಿನ ಓದುತ್ತಾರೆ? ಕಾದಂಬರಿ ಕೊಟ್ಟರೆ ಮೊದಲ ಪುಟದಲ್ಲೇ ನಿಲ್ಲುತ್ತಾರೆ. ಇವರ ಮಟ್ಟದ ಅಕ್ಷರ, ಇವರ ವಯಸ್ಸಿನ ವಿಷಯ, ಎರಡೂ ಸೇರಿದ್ದು ಸಿಗುವುದು ಕಷ್ಟ. ಬೆಟಗೇರಿಯ ಅಕ್ಕ ಬರೆದ ಒಂದು ಪುಟ ಇದೆಯಲ್ಲ, ಅದೇ ಬೇಕಾದದ್ದು. ಬ್ಲಾಗಿನಲ್ಲಿ ಬಂದದ್ದನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಹೊಲಿದು ಇಟ್ಟರೆ ಗ್ರಂಥಾಲಯಕ್ಕೆ ಅದೊಂದು ಪುಸ್ತಕ. ಬರೆದವರು ಒಪ್ಪಿದರೆ ನಾನು ಮಾಡಿಕೊಡುತ್ತೇನೆ.

ಒಪ್ಪಿಗೆ ಬಗ್ಗೆ ಗಟ್ಟಿಯಾಗಿ ಹೇಳಬೇಕು. "ಹ್ಞೂಂ ರೀ, ಹಾಕ್ರಿ" ಅಂತ ಅವರು ಹೇಳಿದರೆ ಸಾಲದು, ಮಾಸ್ತರು ಕೇಳಿದರೆ ಯಾರು ಇಲ್ಲ ಅಂತಾರೆ? ಯಾರು ಯಾರು ಓದಬಹುದು ಅಂತ ಫೋನಿನಲ್ಲಿ ತೋರಿಸಿ ಹೇಳಿ. ಪೂರ್ತಿ ಹೆಸರು, ಊರು, ಫೋಟೋ ಮೂರೂ ಒಟ್ಟಿಗೆ ಬೇಡ. ಆಧಾರ್ ನಂಬರು, ಬ್ಯಾಂಕಿನ ಮೆಸೇಜು ಫೋಟೋದಲ್ಲಿ ಬಂದಿದೆಯಾ ನೋಡಿ. ಗೃಹಲಕ್ಷ್ಮಿ 2000 ಜಮಾ ಆಯಿತು ಅಂತ ಖುಷಿಯಲ್ಲಿ ಮೆಸೇಜಿನ ಫೋಟೋ ಹಾಕುವವರು ಇರುತ್ತಾರೆ. ಖುಷಿಯನ್ನು ಬರೆಯಲಿ, ಫೋಟೋ ಬೇಡ. ಮತ್ತೆ, ತೆಗೆದುಹಾಕಿ ಅಂದರೆ ಕಾರಣ ಕೇಳದೆ ಅವತ್ತೇ ತೆಗೆಯಬೇಕು.

ಕಲಿಯುವವಳು

ನಮಸ್ಕಾರ. ನಾನು ಹಾವೇರಿ ಅಕ್ಕಾರ ಕ್ಲಾಸಿನವಳು. ಮಗಳ ಫೋನಿಂದ ಬೆರಳಲ್ಲಿ ಬರೆದೆ. ಹುಬ್ಬಳ್ಳಿ ಅಣ್ಣಾರು ಹೇಳಿದ್ದನ್ನು ಮಗಳು ಹಾಕಿಕೊಟ್ಟಳು. ತಡ ಆಗತದ ಆದರ ಬರತದ.

ನಾನು ಮೆಣಸಿನಕಾಯಿ ಬಗ್ಗೆ ಬರೀತೀನಿ. ಅದರಾಗ ಎರಡು ಜಾತಿ, ಡಬ್ಬಿ ಮತ್ತ ಕಡ್ಡಿ. ಡಬ್ಬಿ ಗಿಡ್ಡ ಇರತದ. ಬೀಜ ಜಾಸ್ತಿ. ಕಡ್ಡಿ ಉದ್ದ ಇರತದ. ನೆರಿಗಿ ನೆರಿಗಿ ಇರತದ. ಬಣ್ಣ ಎರಡೂ ಕೆಂಪು ಆದರ ಖಾರ ಕಡಿಮಿ. ತೊಟ್ಟು ಬಿಡಿಸೋದು ಕಿಲೋ ಲೆಕ್ಕ. ನಾನು ಈಗ ದಿನಾ ಎಷ್ಟು ಕಿಲೋ ಅಂತ ವಹಿಯಲ್ಲಿ ಬರೀತೀನಿ. ಮೊದಲು ಮೇಸ್ತ್ರಿ ಹೇಳಿದ್ದೇ ಲೆಕ್ಕ. ಈಗ ನನ್ನ ಲೆಕ್ಕ ನನ್ನ ಹತ್ತಿರ ಅದ.

ಕೂಲಿ ಬಗ್ಗೆ ಬರೆಯಬೇಕು ಅಂತ ಆಸೆ. ಹೆಸರು ಹಾಕಿದರ ಮುಂದಿನ ಸುಗ್ಗಿಗೆ ಕರೀತಾರೋ ಇಲ್ಲೋ. ಅದಕ್ಕ ಹೆಸರು ಬ್ಯಾಡ. ಫೋಟೋ ಬ್ಯಾಡ. ನನ್ನ ತಂಗಿ ದೂರ ಕೊಟ್ಟಾರ, ಅಕಿ ಓದಬೇಕು. ತಪ್ಪು ಇದ್ದರ ಹೇಳ್ರಿ, ನಗಬ್ಯಾಡ್ರಿ.

ಕನ್ನಡ ಟೀಚರ್, ರಾಣೆಬೆನ್ನೂರು

ತಂಗಿ, ಯಾರೂ ನಗುವುದಿಲ್ಲ. ನಾನು ಎರಡು ಸಲ ಓದಿದೆ. ಡಬ್ಬಿಗೂ ಕಡ್ಡಿಗೂ ಇರುವ ವ್ಯತ್ಯಾಸ ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ, ಮನೆಗೆ ವರ್ಷವೂ ತರಿಸುತ್ತೇನೆ. ಒಂದು ಕೇಳಬೇಕು: ಮಸಾಲೆ ಖಾರಕ್ಕೆ ಯಾವುದು ಒಳ್ಳೆಯದು, ಡಬ್ಬಿಯೋ ಕಡ್ಡಿಯೋ? ಮತ್ತೆ ಒಣಗಿದ್ದು ಸರಿಯಾಗಿ ಒಣಗಿದೆ ಅಂತ ಕೈಯಲ್ಲಿ ಹಿಡಿದಾಗ ಹೇಗೆ ಗೊತ್ತಾಗುತ್ತದೆ?

ಪ್ರೇರಕಿ, ಹಾವೇರಿ ಜಿಲ್ಲೆ

ಅಕ್ಕಾ, ನೀವು ಇಲ್ಲಿ ಬಂದು ಬರೆದದ್ದಕ್ಕೆ ನನಗೆ ಎಷ್ಟು ಸಂತೋಷ ಆಗಿದೆ ಅಂತ ಹೇಳಲು ಆಗುವುದಿಲ್ಲ. ನಾನು ಯಾರಿಗೂ ಬರೆಯಲು ಹೇಳಿರಲಿಲ್ಲ, ಎಲ್ಲರೂ ಗಮನಿಸಿ.

ಕೂಲಿಯ ವಿಷಯ ಅವರು ಹೇಳಿದ್ದು ಬಹಳ ಮುಖ್ಯ. ಮಾಸ್ತರ ಸರ್ ಫ್ರೇರೆ ಬಗ್ಗೆ ಬರೆದದ್ದು ಓದುವಾಗ ಅದು ದೂರದ ದೇಶದ ಮಾತು ಅನಿಸಿತ್ತು. ಇಲ್ಲಿ ನೋಡಿ, ಒಂದು ವಹಿಯಲ್ಲಿ ಕಿಲೋ ಲೆಕ್ಕ ಬರೆದುಕೊಂಡರೂ ಯೋಚನೆ ಮಾಡಬೇಕು. ಆದ್ದರಿಂದ ನಾನು ಹೀಗೆ ತೀರ್ಮಾನ ಮಾಡಿದ್ದೇನೆ: ಬ್ಲಾಗ್ ಖಾಸಗಿ ಇರುತ್ತದೆ, ಹೆಸರಿನ ಬದಲು ಅವರೇ ಇಟ್ಟುಕೊಂಡ ಹೆಸರು ಇರುತ್ತದೆ, ಊರಿನ ಹೆಸರು ಬರುವುದಿಲ್ಲ. ಕೂಲಿ ಬಗ್ಗೆ ಬರೆದದ್ದನ್ನು ವಹಿಯಲ್ಲಿ ಇಟ್ಟುಕೊಳ್ಳಬೇಕಾ, ಬ್ಲಾಗಿಗೆ ಹಾಕಬೇಕಾ ಅನ್ನುವುದನ್ನು ಬರೆದವರೇ ಹೇಳಬೇಕು, ನಾನು ಒತ್ತಾಯ ಮಾಡುವುದಿಲ್ಲ.

ಮೊದಲು ನಾನು ಬರೆಯಿಸುವುದು ಹೇಗೆ ಅಂತ ತಲೆ ಕೆಡಿಸಿಕೊಂಡಿದ್ದೆ. ಈಗ ಓದುವವರನ್ನು ಎಲ್ಲಿಂದ ತರುವುದು ಅನ್ನುವುದೇ ದೊಡ್ಡ ಕೆಲಸ ಅನಿಸುತ್ತಿದೆ. ಟೀಚರ್ ಕೇಳಿದ ಹಾಗೆ ಕೇಳುವವರು ಬೇಕು. "ತುಂಬಾ ಚೆನ್ನಾಗಿದೆ", ಹೂವು, ಕೈಮುಗಿದ ಚಿತ್ರ, ಇವು ಬಂದರೆ ಅಲ್ಲಿಗೆ ಮಾತು ಮುಗಿಯುತ್ತದೆ. ಪ್ರಶ್ನೆ ಬಂದರೆ ಮತ್ತೆ ಬರೆಯುತ್ತಾರೆ.

ಬೆಟಗೇರಿ ಅಣ್ಣಾ, ನಿಮ್ಮ ಕ್ಲಾಸಿನವರೂ ನಮ್ಮ ಕ್ಲಾಸಿನವರೂ ಒಬ್ಬರದ್ದೊಬ್ಬರು ಓದಿದರೆ ಹೇಗೆ? ಫ್ರಾನ್ಸಿನ ಆ ಎರಡು ಶಾಲೆಗಳ ಹಾಗೆ. ನಿಮ್ಮವರಿಗೆ ಮೆಣಸಿನಕಾಯಿ ಕೆಲಸ ಗೊತ್ತಿಲ್ಲ, ನಮ್ಮವರು ಮಗ್ಗ ನೋಡಿಲ್ಲ, ಸೀರೆ ಮಾತ್ರ ನೋಡಿದ್ದಾರೆ. ಕೇಳಲು ಬೇಕಾದಷ್ಟು ಇದೆ.

ಬೆಟಗೇರಿ ಮಗ್ಗದ ಓಣಿ

ಖಂಡಿತ ಮಾಡೋಣ ಅಕ್ಕಾ. ಒಂದೇ ಬ್ಲಾಗ್ ಇಬ್ಬರಿಗೂ ಸಾಕು, ಎರಡು ಲೇಬಲ್ ಮಾಡಿಕೊಳ್ಳೋಣ, ಮಗ್ಗ ಅಂತ ಒಂದು, ಮೆಣಸಿನಕಾಯಿ ಅಂತ ಒಂದು. ಒಂದು ಮಾತು ಮೊದಲೇ ಹೇಳುತ್ತೇನೆ. ದೀಪಾವಳಿ, ಮದುವೆ ಸೀಸನ್ ಬಂದರೆ ನಮ್ಮವರಿಗೆ ತಲೆ ಎತ್ತಲು ಪುರುಸೊತ್ತು ಇರುವುದಿಲ್ಲ. ನಿಮ್ಮವರಿಗೆ ಮಾರ್ಕೆಟ್ ಜೋರಾಗುವುದು ಡಿಸೆಂಬರ್ ನಂತರ. ಆ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಬರೆಯಿರಿ ಅಂತ ಯಾರನ್ನೂ ಪೀಡಿಸುವುದು ಬೇಡ. ಒಂದು ಕಡೆಯವರಿಗೆ ಕೆಲಸ ಜಾಸ್ತಿ ಇದ್ದಾಗ ಇನ್ನೊಂದು ಕಡೆಯವರು ಬರೆಯಲಿ, ಬಿಡುವು ಆದಾಗ ಇವರು ಓದಿ ಕೇಳಲಿ.

ನಮ್ಮ ಚಿಕ್ಕಮ್ಮನಿಗೆ ಮೇಲಿನದನ್ನು ಓದಲು ಕೊಟ್ಟೆ. ಅವರ ಪ್ರಶ್ನೆ ಇದು, ಅವರೇ ಬರೆದದ್ದು: "ಕಯ್ಯಿ ಉರಿ ಹತ್ತಿದರ ಏನ ಹಚ್ಚತೀರಿ?"

ಕಲಿಯುವವಳು

ಕೊಬ್ಬರಿ ಎಣ್ಣಿ ಹಚ್ಚತೀವಿ. ಕೆಲಸಕ್ಕ ಹೋಗೋ ಮೊದಲೇ ಹಚ್ಚಬೇಕು. ಆಮೇಲೆ ಹಚ್ಚಿದರ ಉಪಯೋಗ ಕಡಿಮಿ. ಮಜ್ಜಿಗಿಯಲ್ಲಿ ಕೈ ಅದ್ದತಾರ ಕೆಲವರು.

ಟೀಚರ್ ಅವರಿಗೆ: ಖಾರದ ಪುಡಿಗೆ ಬಣ್ಣ ಬೇಕಂದರ ಕಡ್ಡಿ ನಾವು ಹಾಕತೀವಿ. ಸರಿಯಾಗಿ ಒಣಗಿದ್ದು ಅಲುಗಾಡಿಸಿದರ ಒಳಗ ಬೀಜ ಸಪ್ಪಳ ಮಾಡತಾವ.

ಬೆಟಗೇರಿ ಅಣ್ಣಾರ ಚಿಕ್ಕಮ್ಮಾರಿಗೆ ನನ್ನದೂ ಒಂದು ಪ್ರಶ್ನೆ. ಮಗ್ಗದ ಲಾಳಿ ಅಂದರ ಏನು? ಫೋಟೋ ಹಾಕ್ರಿ.